ಶನಿವಾರದ ಅರಿಯಲೂರು ಪ್ರವಾಸ: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ.

ಪಳೆಯುಳಿಕೆ ನೋಡಲು ತಮಿಳುನಾಡಿನ ಅರಿಯಲೂರಿಗೆ ಬರಲು ಹೆಸರು ಕೊಟ್ಟಿರುವ 14 ಮಂದಿಗೆ ಈ ಸೂಚನೆ. ಶುಕ್ರವಾರ ರಾತ್ರಿ 9ಕ್ಕೆ ಬೆಂಗಳೂರಿನಿಂದ ವ್ಯಾನ್ ಹೊರಡುತ್ತದೆ. ಶನಿವಾರ ಬೆಳಿಗ್ಗೆ ಸುಣ್ಣಕಲ್ಲಿನ ಗಣಿ, ಮಧ್ಯಾಹ್ನ ವಾರಣವಾಸಿಯ ಪಳೆಯುಳಿಕೆ ಸಂಗ್ರಹಾಲಯ.

ನಾವು ಮುಖ್ಯವಾಗಿ ಹುಡುಕುವುದು ಇನೋಸೆರಾಮಸ್ ಎಂಬ ಎರಡು ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ. ಕರಾವಳಿಯವರು ತಿನ್ನುವ ಮರುವಾಯಿಯ ದೂರದ ನೆಂಟ; ಡೈನೋಸಾರ್‌ಗಳ ಕಾಲ ಮುಗಿಯುವ ಮೊದಲೇ ಹೆಚ್ಚುಕಡಿಮೆ ಅಳಿದುಹೋದ ಕುಲ. ಇಲ್ಲಿನ ಪದರಗಳಿಗೆ ಸುಮಾರು 7 ಕೋಟಿ ವರ್ಷ. ಇಡೀ ಚಿಪ್ಪು ಸಿಗುವುದು ಅಪರೂಪ, ಆದ್ದರಿಂದ ಚೂರುಗಳನ್ನು ಕಡೆಗಣಿಸಬೇಡಿ. ಮುರಿದ ಅಂಚನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ: ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಸಣ್ಣ ಕಂಬಗಳು ಪೊರಕೆ ಕಡ್ಡಿಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಹೊರಮೈಯಲ್ಲಿ ಅಲೆಯಂಥ ದಪ್ಪ ಮಡಿಕೆಗಳು. ಒಮ್ಮೆ ಕಂಡರೆ ಮತ್ತೆಂದೂ ಮರೆಯುವುದಿಲ್ಲ.

ಗಟ್ಟಿ ಬೂಟು, ಟೋಪಿ, 3 ಲೀಟರ್ ನೀರು ತನ್ನಿ. ಅಲ್ಲಿ ನೆರಳೇ ಇಲ್ಲ. ಹೆಲ್ಮೆಟ್ ನಾವು ಕೊಡುತ್ತೇವೆ. ಸುತ್ತಿಗೆ ಬೇಡ. ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಚಿಪ್ಪನ್ನು ಇದ್ದಲ್ಲೇ ಬಿಡಿ. ಈ ಕಲ್ಲು ಸಿಮೆಂಟಿಗಾಗಿ ದಿನವೂ ಕರಗುತ್ತಿದೆ, ಉಳಿದಿದ್ದನ್ನು ನಾವೂ ಹೊತ್ತು ತರುವುದು ಬೇಡ.

ಬರುವವರು, ಬರಲಾಗದವರು ಇಬ್ಬರೂ ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಗಣಿಯವರಿಗೆ ಹೆಸರುಗಳ ಪಟ್ಟಿ ಕಳಿಸಬೇಕಿದೆ.