ಶುಂಠಿ ಸೋಡಾ ಕಲಿಯುವವರಿಗೆ ದಿನದ ಲೆಕ್ಕ ಕೊಡಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಮನೆಯಲ್ಲೇ ಶುಂಠಿ ಸೋಡಾ ಹುದುಗಿಸಿ ಕುಡಿಯಬೇಕೆನ್ನುವ ಹೊಸಬರಿಗೆ ಬಲ್ಲವರಿಂದ ಸಿಗುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ಒಂದು, ‘ಅಂದಾಜಿಗೆ ಸಕ್ರಿ ಹಾಕ್ರಿ, ಮೂರ್ನಾಲ್ಕು ದಿನ ಬಿಡ್ರಿ’. ಇನ್ನೊಂದು, ‘ಇಷ್ಟೂ ಗೊತ್ತಿಲ್ಲೇನು?’ ಮೊದಲನೆಯದನ್ನು ನಂಬಿದರೆ ಬಾಟಲಿ ಒಡೆಯುತ್ತದೆ, ಎರಡನೆಯದನ್ನು ಕೇಳಿದವರು ಮತ್ತೆ ಬಾಯಿ ಬಿಡುವುದಿಲ್ಲ. ಬಾಟಲಿಯನ್ನು ಎಲ್ಲಿ ಇಟ್ಟಿದ್ದೀರಿ, ಅಲ್ಲಿ ಬಿಸಿ ಎಷ್ಟು ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ‘ಮೂರ್ನಾಲ್ಕು ದಿನ’ ಎಂಬುದು 20–22 ಡಿಗ್ರಿಯ ಊರುಗಳ ಲೆಕ್ಕ. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಪತ್ರಾಸಿನ (ತಗಡಿನ) ಮನೆಯೊಳಗೆ ಸಂಜೆಯಾದರೂ ಕಾವು ಇಳಿಯುವುದಿಲ್ಲ. ಅಲ್ಲಿ ಅದೇ ಬಾಟಲಿ ಒಂದೇ ದಿನಕ್ಕೆ, ಕೆಲವೊಮ್ಮೆ ಅದಕ್ಕೂ ಮೊದಲೇ ಅನಿಲ ತುಂಬಿ ಬಿಗಿಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಮೂರು ದಿನವಾದರೂ ಆಗಬಹುದು. ಆದ್ದರಿಂದ ಹೊಸಬರಿಗೆ ದಿನದ ಲೆಕ್ಕ ಕೊಡಲೇಬಾರದು, ಗುರುತು ಹೇಳಿಕೊಡಬೇಕು.

ಮೊದಲು ಹೆಪ್ಪು, ಅಂದರೆ ಸೋಡಾವನ್ನು ಹುದುಗಿಸುವ ಮೂಲ. ಗಾಜಿನ ಭರಣಿಯಲ್ಲಿ 300 ಮಿ.ಲೀ. ನೀರು, ಸಿಪ್ಪೆಸಮೇತ ತುರಿದ ಹಸಿಶುಂಠಿ 15 ಗ್ರಾಂ, ಸಕ್ಕರೆ 15 ಗ್ರಾಂ. ಮೇಲೆ ಬಟ್ಟೆ ಕಟ್ಟಿ ನೆರಳಲ್ಲಿಟ್ಟು, ದಿನಕ್ಕೊಮ್ಮೆ ಅಷ್ಟಷ್ಟೇ ಶುಂಠಿ, ಸಕ್ಕರೆ ಸೇರಿಸಿ ಕಲಕಬೇಕು. ಚಮಚ ಆಡಿಸಿದರೆ ಬುರುಗು ಎದ್ದು ಸರ್ ಎಂದು ಸದ್ದು ಬಂದರೆ ಹೆಪ್ಪು ಸಿದ್ಧ. ಹುದುಗಿಸುವ ಜೀವಿಗಳು ಇರುವುದು ಸಿಪ್ಪೆಯ ಮೇಲೆ. ಮಣ್ಣು ಹೋಗುವಷ್ಟು ತೊಳೆದರೆ ಸಾಕು, ಸಿಪ್ಪೆ ಹೆರೆದು ತೆಗೆದರೆ ಹೆಪ್ಪು ಏಳುವುದಿಲ್ಲ. ನಳದ ನೀರಿನಲ್ಲಿ ಕ್ಲೋರಿನ್ ವಾಸನೆಯಿದ್ದರೆ ಕುದಿಸಿ ಆರಿಸಿಕೊಳ್ಳಬೇಕು.

ಹೆಪ್ಪಿಗೆ ನಾಲ್ಕು ಒಣದ್ರಾಕ್ಷಿ ಹಾಕಿ ಎಂಬ ಸಲಹೆಯನ್ನು ನಮ್ಮ ಜಿಲ್ಲೆಯಲ್ಲಿ ಕಣ್ಣು ಮುಚ್ಚಿ ಕೊಡುವಂತಿಲ್ಲ. ಇಲ್ಲಿನ ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ ಒಣಗಿಸುತ್ತಾರೆ, ಬಣ್ಣ ನಿಲ್ಲಲೆಂದು ಗಂಧಕದ ಹೊಗೆಯನ್ನೂ ಕೊಡುವುದುಂಟು. ಆ ಗಂಧಕ ಹೆಪ್ಪನ್ನೇ ಹಿಂದಕ್ಕೆಳೆಯುತ್ತದೆ. ಹಾಕಲೇಬೇಕೆಂದರೆ ಹೊಗೆ ಕೊಡದ ಕಂದು ಒಣದ್ರಾಕ್ಷಿ ಹಾಕಲಿ. ಬೆಲ್ಲಕ್ಕೂ ಇದೇ ಮಾತು. ಮಹಾಲಿಂಗಪುರದ ಬೆಲ್ಲವೇ ಆಗಲಿ, ಹೈಡ್ರೋಸ್ (ಬಣ್ಣ ತಿಳಿ ಮಾಡುವ, ಗಂಧಕವಿರುವ ಪುಡಿ) ಹಾಕಿ ಹಳದಿ ಮಾಡಿದ್ದಕ್ಕಿಂತ ಕಪ್ಪು ಬಣ್ಣದ್ದು ಮೇಲು. ಬೆಲ್ಲದಲ್ಲಿ ಹುದುಗು ಬೇಗ ಏರುತ್ತದೆ ಎಂಬುದನ್ನೂ ಹೇಳಿ ಕೊಡಬೇಕು.

ಸೋಡಾಕ್ಕೆ ಲೀಟರ್ ನೀರಿನಲ್ಲಿ 40 ಗ್ರಾಂ ಜಜ್ಜಿದ ಶುಂಠಿಯನ್ನು ಹತ್ತು ನಿಮಿಷ ಕುದಿಸಿ, 80 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಎರಡು ನಿಂಬೆಯ ರಸ ಮತ್ತು ಸೋಸಿದ ಹೆಪ್ಪು 100 ಮಿ.ಲೀ. ಸೇರಿಸಬೇಕು. ಬಿಸಿ ಇರುವಾಗಲೇ ಹೆಪ್ಪು ಸುರಿದರೆ ಅದು ಸತ್ತೇಹೋಗುತ್ತದೆ. ‘ಎಲ್ಲಾ ಮಾಡಿದೆ, ಗ್ಯಾಸೇ ಬರಲಿಲ್ಲ’ ಎನ್ನುವವರನ್ನು ಮೊದಲು ಕೇಳಬೇಕಾದ್ದು ಇದನ್ನೇ.

ಇನ್ನು ಬಾಟಲಿ. ಇಲ್ಲಿ ಸಂಕೋಚವಿಲ್ಲದೆ, ಕಟ್ಟುನಿಟ್ಟಾಗಿ ಮಾತಾಡಬೇಕು. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಅಂಗಡಿಯ ಸೋಡಾದಲ್ಲಿ ಇರುವುದು ಲೀಟರಿಗೆ ನಾಲ್ಕು ಲೀಟರಿನ ಆಸುಪಾಸು. ಅಂದರೆ ನಾವು ಹಾಕಿದ 80 ಗ್ರಾಂನಲ್ಲಿ 15 ಗ್ರಾಂ ಹುದುಗಿದರೇ ಸಾಕು. ಉಳಿದದ್ದು ಸಿಹಿಗೆ. ಮರೆತು ಬಿಟ್ಟರೆ ಆ ಸಿಹಿಯೂ ಅನಿಲವಾಗಿ, ಸೋಡಾ ಬಾಟಲಿಯಲ್ಲಿ ಇರಬೇಕಾದ್ದರ ಐದು ಪಟ್ಟಿನವರೆಗೆ ಹೋಗುತ್ತದೆ. ಗಾಜು ಸಿಡಿದರೆ ಕಣ್ಣು ಹೋಗಬಹುದು. ಶರಬತ್ತಿನ ಬಾಟಲಿ, ಚೌಕಾಕಾರದ ಅಲಂಕಾರದ ಬಾಟಲಿ ಬೇಡವೇ ಬೇಡ. ಕಲಿಯುವವರಿಗೆ ಸೋಡಾ ತುಂಬಿಬಂದ ಪ್ಲಾಸ್ಟಿಕ್ ಬಾಟಲಿಯೇ ಸರಿ, ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಬೇಕು. ಐದಾರು ತಾಸಿಗೊಮ್ಮೆ ಒತ್ತಿ ನೋಡುತ್ತಿದ್ದು, ಅಂಗಡಿಯಿಂದ ತಂದ ಸೋಡಾದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗಿಡಬೇಕು. ರಾತ್ರಿಯಿಡೀ ತಣ್ಣಗಾದ ಮೇಲೆ ತೆರೆದರೆ ಉಕ್ಕುವುದಿಲ್ಲ. ಫ್ರಿಜ್ಜು ಹುದುಗನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಅರ್ಧ ದಿನ ಕರೆಂಟ್ ಹೋದರೆ ಬಾಟಲಿಯನ್ನು ಮತ್ತೆ ಒತ್ತಿ ನೋಡಿ, ತುಸು ಗಾಳಿ ಬಿಡಬೇಕು. ವಾರದೊಳಗೆ ಕುಡಿದು ಮುಗಿಸುವುದು ಒಳ್ಳೆಯದು.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಲ್ಲಿ ರಸದ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ಇರುತ್ತದೆ. ಅದರಲ್ಲಿ ಶುರುವಿನ ಅಂಕಿ ಬರೆದಿಟ್ಟು ನೋಡುವವರು ಒಂದು ವಿಷಯ ತಿಳಿದಿರಬೇಕು: ಹುದುಗಿನಲ್ಲಿ ಹುಟ್ಟುವ ಆಲ್ಕೋಹಾಲ್ ಮೀಟರನ್ನು ದಾರಿ ತಪ್ಪಿಸುತ್ತದೆ. ಸಕ್ಕರೆ ನಿಜವಾಗಿ ಇಳಿದಷ್ಟು ಅಂಕಿ ಇಳಿಯುವುದಿಲ್ಲ. ಈ ಅಳತೆಯ ಸೋಡಾದಲ್ಲಿ ಅಂಕಿ ಒಂದಕ್ಕಿಂತ ತುಸು ಹೆಚ್ಚು ಇಳಿದರೆ ಕೆಲಸ ಮುಗಿಯಿತು.

ಆಲ್ಕೋಹಾಲಿನ ಮಾತನ್ನು ಮುಚ್ಚಿಡುವುದು ಕಲಿಯುವವರಿಗೆ ಮಾಡುವ ಅನ್ಯಾಯ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಶೇ 1ರಷ್ಟಾಗುತ್ತದೆ. ಗುರುತು ನೋಡಿ ತಂಪಿಗಿಟ್ಟ ಸೋಡಾದಲ್ಲೂ ಅದರ ಹತ್ತಿರದಷ್ಟು ಇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವ್ರತ ಹಿಡಿದವರಿಗೆ ಕೊಡುವ ಮುನ್ನ ಮನೆಯವರಿಗೆ ಇದು ಗೊತ್ತಿರಬೇಕು. ಇನ್ನಷ್ಟು ಸಕ್ಕರೆ, ಇನ್ನಷ್ಟು ದಿನ ಎಂದು ಮುಂದುವರಿಸಿದರೆ ಅದು ಮದ್ಯವೇ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಭಟ್ಟಿ ಇಳಿಸುವ ವಿಷಯ ಕೇಳಿದವರಿಗಂತೂ ‘ಬೇಡ’ ಎಂಬ ಒಂದೇ ಉತ್ತರ ಸಲ್ಲುತ್ತದೆ.

ಕೆಟ್ಟಾಗ ಓಡಿ ಬರುವವರನ್ನು ಬೈಯುವುದು ಬೇಡ, ‘ಹೇಗೆ ಕಾಣ್ತದೆ?’ ಎಂದು ಕೇಳಿ. ಮೇಲೆ ಬಿಳಿಯ ತೆಳು ಪದರವಷ್ಟೇ ಇದ್ದರೆ ತೆಗೆದುಹಾಕಿ ಮುಂದುವರಿಯಬಹುದು. ಹಸಿರು, ಕಪ್ಪು ಅಥವಾ ತುಪ್ಪಳದಂಥ ಬೂಷ್ಟಾದರೆ ಅಷ್ಟನ್ನೂ ಚೆಲ್ಲಬೇಕು. ಚಮಚ ಎತ್ತಿದರೆ ಲೋಳೆಯಂತೆ ಎಳೆ ಬರುತ್ತಿದ್ದರೆ, ಸಕ್ಕರೆಯನ್ನು ಅಂಟಾಗಿಸುವ ಬ್ಯಾಕ್ಟೀರಿಯಾ ಮೇಲುಗೈ ಪಡೆದಿದೆ ಎಂದರ್ಥ. ಹೊಸದಾಗಿ ಹೆಪ್ಪು ಹುಟ್ಟುಹಾಕಿ, ನಿಂಬೆರಸ ಹಿಂಡಿ, ತಂಪಾಗಿರಲೆಂದು ಭರಣಿಯನ್ನು ನೀರಿನ ತಟ್ಟೆಯಲ್ಲಿಟ್ಟು ಒದ್ದೆ ಗೋಣಿಚೀಲ ಸುತ್ತಬೇಕು. ನಮ್ಮ ಒಣ ಗಾಳಿಗೆ ಈ ಉಪಾಯ ಚೆನ್ನಾಗಿ ಫಲಿಸುತ್ತದೆ.

ಮೊಸರಿನ ಹೆಪ್ಪಿನಂತೆ ಇದನ್ನೂ ನೆರೆಯವರಿಗೆ ಕೊಡುವವರು ಮೂರು ಮಾತು ಚೀಟಿಯಲ್ಲಿ ಬರೆದು ಕೊಟ್ಟರೆ ಎಷ್ಟೋ ಒಳಿತು: ಹುಟ್ಟುಹಾಕಿದ ದಿನ, ಹಾಕಿದ ಸಕ್ಕರೆ, ಇಟ್ಟ ಜಾಗದ ಬಿಸಿ. ಬೇಸಿಗೆಯ ಪಾನೀಯಗಳ ವಿಧಾನ ಅಚ್ಚು ಹಾಕುವಾಗ ತಮ್ಮ ಪತ್ರಿಕೆಯೂ ‘ಇಷ್ಟು ದಿನ’ ಎಂಬುದರ ಪಕ್ಕದಲ್ಲಿ ‘ಇಷ್ಟು ಡಿಗ್ರಿಯಲ್ಲಿ’ ಎಂದು ಸೇರಿಸಬೇಕು. ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಮಹಿಳೆಯರಿಗೆ ತರಬೇತಿ ನಡೆಸುವಾಗ ಒಂದು ತಾಸನ್ನು ಇದಕ್ಕೆ ಮೀಸಲಿಟ್ಟು, ಬಾಟಲಿ ಒತ್ತಿ ನೋಡುವುದನ್ನು ಕೈಯಾರೆ ಮಾಡಿಸಲಿ ಎಂದು ವಿನಂತಿ.

– ಓದುಗರು, ವಿಜಯಪುರ