ಇನ್ನು ಮುಂದೆ ಪೊಟ್ಟಣದ ಮೇಲೆ ಕಾಡಿನ ಹೆಸರೂ ಇರುತ್ತದೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ನಮ್ಮ ಸಂಘದ ಮುರುಗಲು (ಕೋಕಂ) ಸಿಪ್ಪೆ, ಉಪ್ಪಾಗೆ ಎಂಬ ಹುಳಿ ಕಾಯಿಯ ಸಿಪ್ಪೆ, ಉಪ್ಪಾಗೆ ಬೀಜದಿಂದ ತೆಗೆದ ತುಪ್ಪ ಮತ್ತು ಜೇನು ಈ ಹಂಗಾಮಿನಿಂದ ಸ್ವಲ್ಪ ಬೇರೆ ರೀತಿಯಲ್ಲಿ ನಿಮ್ಮ ಕೈ ಸೇರಲಿವೆ. ಇಷ್ಟು ದಿನ ಹೊನ್ನಾವರ ತಾಲ್ಲೂಕಿನ ಬೇರೆ ಬೇರೆ ಊರುಗಳ ಸದಸ್ಯರು ತಂದ ಮಾಲನ್ನು ಒಟ್ಟಿಗೆ ಬೆರೆಸಿ ಪ್ಯಾಕ್ ಮಾಡುತ್ತಿದ್ದೆವು. ಇನ್ನು ಬೆರೆಸುವುದಿಲ್ಲ. ಯಾವ ಊರಿನ ಯಾವ ಕಾಡಿನದು, ಯಾವ ತಿಂಗಳಲ್ಲಿ ಕೊಯ್ದದ್ದು ಎಂದು ಪ್ರತಿ ಪೊಟ್ಟಣ, ಬಾಟಲಿಯ ಮೇಲೆ ಬರೆದಿರುತ್ತದೆ. ಬೇರೆ ಬೇರೆಯಾಗಿ ಒಣಗಿಸಿ, ತೂಗಿ, ಪುಸ್ತಕದಲ್ಲಿ ಬರೆದಿಡಲು ಖರ್ಚು ಜಾಸ್ತಿ. ಅದಕ್ಕಾಗಿ ಎಲ್ಲ ಮಾಲಿಗೂ ಕಿಲೋಗೆ 20 ರೂಪಾಯಿ ಏರಿಸಿದ್ದೇವೆ.

ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಸುದ್ದಿ ನೀವು ಓದಿರುತ್ತೀರಿ. ಮೇಲೆ ಸಾಗರ ತಾಲ್ಲೂಕಿನ ತಳಕಳಲೆ ಜಲಾಶಯ, ಕೆಳಗೆ ನಮ್ಮ ಗೇರುಸೊಪ್ಪೆ ಜಲಾಶಯ. ಎರಡೂ ಈಗಾಗಲೇ ಇವೆ. ಅವುಗಳ ನಡುವೆ ಸುರಂಗ ಕೊರೆದು, ನೆಲದಡಿ 2,000 ಮೆಗಾವಾಟ್‌ನ ವಿದ್ಯುದಾಗಾರ ಕಟ್ಟುವ ಯೋಜನೆ ಅದು. ಕರೆಂಟ್ ಮಿಕ್ಕಿದಾಗ ನೀರನ್ನು ಮೇಲೆತ್ತುವುದು, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಇಂಥ ವ್ಯವಸ್ಥೆಯಲ್ಲಿ ನೂರು ಯೂನಿಟ್ ಖರ್ಚು ಮಾಡಿದರೆ ವಾಪಸ್ ಸಿಗುವುದು ಸಾಮಾನ್ಯವಾಗಿ 75ರಿಂದ 80. ಇದಕ್ಕಾಗಿ ಕೇಳಿರುವ ಅರಣ್ಯ ಭೂಮಿ ಸುಮಾರು 54 ಹೆಕ್ಟೇರ್. ಕಡಿಯಬೇಕಾದ ಮರಗಳು 15 ಸಾವಿರಕ್ಕೂ ಹೆಚ್ಚು. ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಒಳಗಿದೆ. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಗೇರುಸೊಪ್ಪೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು.

ನಮ್ಮ ಸದಸ್ಯರು ಅಭಯಾರಣ್ಯದ ಹೊರಗಿನ ಕಾಡು ಮತ್ತು ಸೊಪ್ಪಿನ ಬೆಟ್ಟಗಳಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನಲ್ಲಿ) ಕೊಯ್ಯುವವರು. ಆ 54 ಹೆಕ್ಟೇರ್‌ನಿಂದ ನಿಮಗೆ ಒಂದು ಪೊಟ್ಟಣವೂ ಬಂದಿಲ್ಲ. ಆದರೂ ಈ ಯೋಜನೆಯ ಲೆಕ್ಕಾಚಾರ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಮೊದಲು ತಾತ್ವಿಕ ಒಪ್ಪಿಗೆ, ಷರತ್ತು ಪೂರೈಸಿದ ಮೇಲೆ ಅಂತಿಮ ಒಪ್ಪಿಗೆ. ಮರಗಳನ್ನು ಎಣಿಸುತ್ತಾರೆ, ಸುತ್ತಳತೆ ಬರೆದುಕೊಳ್ಳುತ್ತಾರೆ. ಕಾಡಿಗೆ ಹೆಕ್ಟೇರ್ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಆ ಹಣ ಪರಿಹಾರ ಅರಣ್ಯೀಕರಣದ ನಿಧಿಗೆ ಹೋಗುತ್ತದೆ. ಬೇರೆಲ್ಲೋ ಗಿಡ ನೆಡುತ್ತಾರೆ. ಮಳೆಗಾಲದಲ್ಲಿ ಉಪ್ಪಾಗೆ ಕೊಯ್ದು, ಬೆಂಕಿಯ ಮೇಲಿನ ತಟ್ಟಿಯಲ್ಲಿ ಒಣಗಿಸಿ, ಮಗಳ ಕಾಲೇಜು ಫೀಸು ಕಟ್ಟಿದ ಮನೆಯ ಹೆಸರು ಆ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಹೇಳಿ? ಒಂದು ಮರದ ಸುತ್ತಳತೆ ಇಷ್ಟು ಎಂದರೆ ಅದರಡಿ ಎಷ್ಟು ಕಾಯಿ ಬಿತ್ತು ಎಂದು ಗೊತ್ತಾಗುವುದಿಲ್ಲ.

ನೆಟ್ಟ ಗಿಡ ಈ ನಷ್ಟ ತುಂಬುತ್ತದಾ? ಉಪ್ಪಾಗೆಯಲ್ಲೂ ಮುರುಗಲಿನಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬಂದ ಸಸಿಗಳಲ್ಲಿ ಅರ್ಧದಷ್ಟು ಗಂಡಾಗಬಹುದು, ಅವು ಕಾಯಿ ಬಿಡುವುದಿಲ್ಲ. ಯಾವುದು ಯಾವುದೆಂದು ತಿಳಿಯುವುದು ಹೂ ಬಿಟ್ಟ ಮೇಲೆ. ಅದಕ್ಕೆ ಎಷ್ಟೋ ವರ್ಷ ಕಾಯಬೇಕು. ಈ ಕಣಿವೆಯ ಸಿಂಗಳೀಕಕ್ಕೂ ಉಪ್ಪಾಗೆ ಬೇಕು. ಅದಕ್ಕೇ ನಮ್ಮವರು ಮರ ಬೋಳಿಸದೆ ತುದಿಯ ಕಾಯಿ ಬಿಟ್ಟು ಬರುತ್ತಾರೆ.

ಕರೆಂಟ್ ಬೇಡ ಎನ್ನುವವರು ನಾವಲ್ಲ. ನಮ್ಮ ಜಿಲ್ಲೆ ಕೊಟ್ಟಷ್ಟು ಬೇರೆ ಎಷ್ಟು ಜಿಲ್ಲೆಗಳು ಕೊಟ್ಟಿವೆ? ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಪಕ್ಕದಲ್ಲೇ ಕೈಗಾ. ಶರಾವತಿಗೆ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ 1964ರ ಲಿಂಗನಮಕ್ಕಿ, ಆಮೇಲೆ ನಮ್ಮಲ್ಲಿ ಗೇರುಸೊಪ್ಪೆ. ಪ್ರತಿ ಸಲವೂ ಕಾಡು ಹೋಯಿತು, ಊರುಗಳು ಎದ್ದು ಹೋದವು. ಮುಂದೆ ಇನ್ಯಾವ ಹಳ್ಳದ ಹೆಸರು ಬರುತ್ತದೋ ಎಂಬ ಚಿಂತೆ ಇಲ್ಲಿ ಎಲ್ಲ ಮನೆಯಲ್ಲೂ ಇದೆ.

ನಮಗೆ ದಾರಿ ತೋರಿಸಿದ್ದು ಬೇಡ್ತಿ. ಆ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರ ಜನವರಿಯಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ತೋಟಿಗರು ಒಟ್ಟಿಗೆ ಕುಳಿತು ಯೋಜನೆಯ ಲಾಭ-ನಷ್ಟವನ್ನು ಮತ್ತೆ ಲೆಕ್ಕ ಹಾಕಿದರು. ಅಡಿಕೆ, ಏಲಕ್ಕಿ, ಮೆಣಸು, ಕಾಡು ಎಲ್ಲವೂ ಲೆಕ್ಕಕ್ಕೆ ಬಂದವು. ಯೋಜನೆ ಮುಂದೆ ನಿಂತುಹೋಯಿತು. ಆ ಸಭೆ ಕರೆದದ್ದು ಯಾರು ಗೊತ್ತಾ? ಒಂದು ಸಹಕಾರಿ ಸಂಘ, ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. ಅವರ ಹತ್ತಿರ ಮಾಲಿನ ಲೆಕ್ಕವಿತ್ತು. ನಮ್ಮ ಹತ್ತಿರ, ಎಲ್ಲ ಬೆರೆಸಿ ಮಾರುವ ಪದ್ಧತಿಯಿಂದಾಗಿ, ಒಟ್ಟು ತೂಕ ಬಿಟ್ಟರೆ ಏನಿಲ್ಲ.

ಇನ್ನು ಮೇಲೆ ಇರುತ್ತದೆ. ಯಾವ ಮನೆ, ಯಾವ ಬೆಟ್ಟ, ಎಷ್ಟು ಕಿಲೋ, ಎಷ್ಟು ರೂಪಾಯಿ ಎಂದು ಊರುವಾರು ಪುಸ್ತಕ. ಅದರ ಒಂದು ಪ್ರತಿಯನ್ನು ಪ್ರತಿ ವರ್ಷ ಗ್ರಾಮಸಭೆಗೆ ಕೊಡುತ್ತೇವೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಕೂಡಿಸುವ, ಮಾರುವ ಹಕ್ಕನ್ನು ಒಪ್ಪಿದೆ. ಬುಡಕಟ್ಟಿನವರಲ್ಲದವರು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅರ್ಜಿಗಳು ಅಲ್ಲೇ ಬಿದ್ದುಹೋಗಿವೆ. ಈ ವರ್ಷ ಶುರು ಮಾಡಿದ ಪುಸ್ತಕ 75 ವರ್ಷದ ಸಾಕ್ಷಿ ಆಗುವುದಿಲ್ಲ, ಅದು ನಮಗೆ ಗೊತ್ತು. ಆದರೆ ನಾಳೆ ಯಾರಾದರೂ ಬಂದು "ಈ ಕಾಡಿನಲ್ಲಿ ನಿಮಗೇನಿದೆ" ಎಂದರೆ ಮುಂದಿಡಲು ಲೆಕ್ಕ ಇರುತ್ತದೆ.

ನಿಮಗೆ ಕಾಣುವ ವ್ಯತ್ಯಾಸ ಇಷ್ಟು. ಒಂದು ಊರಿನ ಜೇನಿನ ಬಣ್ಣ ಇನ್ನೊಂದರ ಹಾಗೆ ಇರುವುದಿಲ್ಲ. ನೇರಳೆ ಹೂವು ಜಾಸ್ತಿ ಇರುವ ಕಡೆಯದು ತುಸು ಕಹಿ ಇರಬಹುದು, ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದು ಕಾಡಿನ ಮಾಲು ಮುಗಿದರೆ ಮುಗಿಯಿತು, ಅದೇ ಹೆಸರಿನಲ್ಲಿ ಬೇರೆಯದನ್ನು ತುಂಬುವುದಿಲ್ಲ. ಕಾರವಾರ, ಶಿರಸಿಯ ಅಂಗಡಿಯವರು ಮತ್ತು ಸಗಟು ಕೊಳ್ಳುವವರು ಉಪ್ಪಾಗೆ ಸಿಪ್ಪೆ ಎಷ್ಟು ಬೇಕೆಂದು ಮೇ ಕೊನೆಯೊಳಗೆ ತಿಳಿಸಿದರೆ ಊರುವಾರು ಹಂಚಲು ಅನುಕೂಲ. ಹಳೆಯ ದಾಸ್ತಾನು ಖಾಲಿಯಾಗುವವರೆಗೆ ಹಳೆಯ ದರಕ್ಕೇ ಸಿಗುತ್ತದೆ.

ನಿಮ್ಮ ವಿಶ್ವಾಸಿ,
ಅಧ್ಯಕ್ಷರು, ಎಲ್ಲ ಸದಸ್ಯರ ಪರವಾಗಿ