ಬ್ರಿಟನ್ನಿನ ಕಾಲುದಾರಿ ಸೈಕಲ್ ದಾರಿಯಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಹಳ್ಳಿಗಾಡಿನ ದೂರದಾರಿಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಬರಹದ ಉತ್ಸಾಹ ಮೆಚ್ಚುವಂಥದ್ದು. ಆದರೆ ಅದರ ಜೊತೆಗಿದ್ದ ನಕ್ಷೆಯಲ್ಲಿ ಈಡೇಲ್‌ನಿಂದ ಕರ್ಕ್ ಯೆಟ್‌ಹಮ್‌ವರೆಗಿನ ಪೆನ್ನೈನ್ ವೇ ಎಂಬ ನಡಿಗೆಯ ದೂರದಾರಿಯ ಮೇಲೆ ಸೈಕಲ್ಲಿನ ಚಿತ್ರ ಹಾಕಿ, ನಡೆಯುವವರಿಗೂ ತುಳಿಯುವವರಿಗೂ ಇದೇ ದಾರಿ ಎಂಬಂತೆ ಬರೆದಿರುವುದನ್ನು ಕಂಡು ಈ ಪತ್ರ ಬರೆಯಬೇಕಾಯಿತು. ಹದಿನಾಲ್ಕು ವರ್ಷಗಳಿಂದ ಶೆಫೀಲ್ಡ್‌ನಲ್ಲಿ ನೆಲೆಸಿ, ರಜೆ ಸಿಕ್ಕಾಗಲೆಲ್ಲ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಈ ಗುಡ್ಡಗಳನ್ನು ಸುತ್ತುವ ನಾನು ಇದೇ ತಪ್ಪನ್ನು ಒಮ್ಮೆ ಮಾಡಿ ಪಾಠ ಕಲಿತವನು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಲ, ಹುಲ್ಲುಗಾವಲು, ಕಾಡುಗಳ ನಡುವೆ ಹಾಯುವ ಸಾರ್ವಜನಿಕ ಹಕ್ಕಿನ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ಜಮೀನು ಖಾಸಗಿಯವರದೇ, ಅದರ ಮೇಲೆ ಹಾದುಹೋಗುವ ಹಕ್ಕು ಮಾತ್ರ ಸಾರ್ವಜನಿಕರದು. ಆ ಹಕ್ಕು ಯಾರಿಗೆ, ಯಾವ ಬಗೆಯಲ್ಲಿ ಹೋಗಲು ಇದೆ ಎಂಬುದು ಪ್ರತಿಯೊಂದು ದಾರಿಗೂ ಬೇರೆ ಬೇರೆ. ನಮ್ಮಲ್ಲಿ ಫುಟ್‌ಪಾತ್ ಎಂದರೆ ರಸ್ತೆ ಬದಿಯ ಕಲ್ಲುಹಾಸು. ಇಲ್ಲಿನ ಕಾನೂನಿನಲ್ಲಿ ಆ ಮಾತಿಗೆ ನಡೆಯುವವರಿಗಷ್ಟೇ ಮೀಸಲಾದ ಹೊಲದ ಕಾಲುದಾರಿ ಎಂದು ಅರ್ಥ. ಎರಡನೆಯದಾದ ಬ್ರೈಡಲ್‌ವೇ ಮೇಲೆ ಕುದುರೆ ಸವಾರರೂ ಹೋಗಬಹುದು. 1968ರ ಹಳ್ಳಿಗಾಡಿನ ಕಾಯ್ದೆ ಅದನ್ನು ಸೈಕಲ್ಲಿಗೂ ತೆರೆಯಿತು, ಆದರೆ ನಡೆಯುವವರಿಗೂ ಕುದುರೆಗಳಿಗೂ ಸೈಕಲ್ಲಿನವರು ದಾರಿ ಬಿಡಬೇಕು ಎಂಬ ಷರತ್ತಿನ ಮೇಲೆ. ಉಳಿದವು ಎರಡು ಬಗೆಯ ಬೈವೇಗಳು: ಒಂದರಲ್ಲಿ ಮೋಟಾರು ವಾಹನ ಬಿಟ್ಟು ಮಿಕ್ಕೆಲ್ಲಕ್ಕೂ, ಇನ್ನೊಂದರಲ್ಲಿ ಎಲ್ಲಕ್ಕೂ ಅವಕಾಶ. ದಾರಿಗಂಬದ ಮೇಲೆ ಹಳದಿ ಬಾಣವಿದ್ದರೆ ಕಾಲುದಾರಿ, ನೀಲಿ ಬಾಣವಿದ್ದರೆ ಬ್ರೈಡಲ್‌ವೇ. ಕಾಲುದಾರಿಯಲ್ಲಿ ಸೈಕಲ್ ತುಳಿದ ಮಾತ್ರಕ್ಕೆ ಪೊಲೀಸರು ಬಂದು ಹಿಡಿಯುವುದಿಲ್ಲ, ನಿಜ. ಆದರೆ ಅದು ಜಮೀನಿನವರ ಹಕ್ಕಿನ ಮೇಲಿನ ಅತಿಕ್ರಮಣ.

ಇದೆಲ್ಲ ಬರೀ ಕಾಗದದ ಮಾತು ಎಂದು ತೋರಬಹುದು. ನನಗೂ ಹಾಗೆಯೇ ತೋರಿತ್ತು. ಮೊದಲ ವರ್ಷದ ಬೇಸಿಗೆಯಲ್ಲಿ, ಫೋನಿನಲ್ಲಿದ್ದ ಒಂದು ತಂತ್ರಾಂಶ ಎಳೆದುಕೊಟ್ಟ ಗೆರೆಯನ್ನು ನಂಬಿ, ಪೀಕ್ ಡಿಸ್ಟ್ರಿಕ್ಟ್‌ನ ಎರಡು ಹಳ್ಳಿಗಳ ನಡುವಿನ ಒಂದೂವರೆ ಮೈಲಿಯ ಒಳದಾರಿಗೆ ನಾನೂ ನನ್ನ ಹೆಂಡತಿಯೂ ಸೈಕಲ್ ಇಳಿಸಿದೆವು. ಇನ್ನೂರು ಗಜ ಹೋಗುವಷ್ಟರಲ್ಲಿ ಸುಣ್ಣಕಲ್ಲಿನ ಗೋಡೆ ಎದುರಾಯಿತು. ಅದರ ನಡುವೆ ಎರಡು ನಿಲುಗಲ್ಲು, ಮಧ್ಯೆ ಮನುಷ್ಯನ ಕಾಲು ಮಾತ್ರ ತೂರುವಷ್ಟು ಸಂದು. ಕುರಿ ದಾಟಬಾರದು, ಮನುಷ್ಯ ದಾಟಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ ಅದರಲ್ಲಿ ಸೈಕಲ್ಲಿನ ಹ್ಯಾಂಡಲ್ ಹೇಗೆ ತಿರುಗಿಸಿದರೂ ಹಿಡಿಸಲಿಲ್ಲ. ಚೀಲಗಳನ್ನೆಲ್ಲ ಬಿಚ್ಚಿ ಆಚೆಗೆ ದಾಟಿಸಿ, ಸೈಕಲ್ಲುಗಳನ್ನು ಗೋಡೆಯ ಮೇಲಿಂದ ಎತ್ತಿಕೊಟ್ಟು, ಮತ್ತೆ ಚೀಲ ಸಿಕ್ಕಿಸಿ ಹೊರಟರೆ ಮುಂದಿನ ಹೊಲದ ಅಂಚಿನಲ್ಲಿ ಸ್ಟೈಲ್, ಎಂದರೆ ಬೇಲಿಯನ್ನು ಹತ್ತಿ ದಾಟಲು ಇಟ್ಟ ಮರದ ಮೆಟ್ಟಿಲು. ಮಲೆನಾಡಿನವರು ತಡಮೆ ಎನ್ನುವುದು ಇದನ್ನೇ. ಅಂಥವು ಒಟ್ಟು ಹನ್ನೊಂದು. ಮೂರನೆಯದರ ನಂತರ ಹೆಂಡತಿ ಮಾತು ನಿಲ್ಲಿಸಿದಳು. ಕೊನೆಯದರ ಬಳಿ ಕುರಿಗಳಿಗೆ ನೀರು ಬಿಡುತ್ತಿದ್ದ ರೈತರೊಬ್ಬರು ಬಯ್ಯಲಿಲ್ಲ. ಗಂಬದ ಮೇಲಿನ ಹಳದಿ ಬಾಣವನ್ನು ತೋರಿಸಿ ತಲೆ ಅಲ್ಲಾಡಿಸಿದರು, ಅಷ್ಟೆ. ಆ ಒಂದೂವರೆ ಮೈಲಿಗೆ ಎರಡು ಗಂಟೆ ಹಿಡಿದಿತ್ತು.

ಆದ್ದರಿಂದ ಯೋಜನೆ ಹಾಕುವವರು ಫೋನಿನ ಗೆರೆಗಿಂತ ಮೊದಲು ಆರ್ಡ್‌ನೆನ್ಸ್ ಸರ್ವೆಯ ನಕ್ಷೆಯನ್ನು ಓದಲು ಕಲಿಯಬೇಕೆಂಬುದು ನನ್ನ ಅಭಿಪ್ರಾಯ. 1791ರಲ್ಲಿ ಸೈನ್ಯದ ಅಗತ್ಯಕ್ಕಾಗಿ ಹುಟ್ಟಿದ ಈ ಸಂಸ್ಥೆಯ ಎರಡು ಮಾಲಿಕೆಗಳು ನಮ್ಮ ಕೆಲಸಕ್ಕೆ ಬೇಕಾದವು. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್‌ನಲ್ಲಿ ನೆಲದ ಒಂದು ಕಿಲೋಮೀಟರ್ ಎರಡು ಸೆಂಟಿಮೀಟರ್ ಆಗುತ್ತದೆ. ಇಡೀ ಬ್ರಿಟನ್ 204 ಹಾಳೆಗಳಲ್ಲಿ ಮುಗಿಯುವುದರಿಂದ ದಿನಕ್ಕೆ ನಲವತ್ತೈವತ್ತು ಮೈಲಿ ಹೋಗುವ ಸೈಕಲ್ಲಿನವರಿಗೆ ಅದು ಅನುಕೂಲ. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್‌ನಲ್ಲಿ ಅದೇ ಕಿಲೋಮೀಟರ್ ನಾಲ್ಕು ಸೆಂಟಿಮೀಟರ್. ಹೊಲದ ಬೇಲಿ, ಗೋಡೆಗಳೂ ಕಾಣುವುದರಿಂದ ನಡೆಯುವವರಿಗೆ ಅದೇ ಆಗಬೇಕು. ಎಕ್ಸ್‌ಪ್ಲೋರರ್‌ನಲ್ಲಿ ಹಸಿರಿನ ಗಿಡ್ಡ ತುಂಡುಗೆರೆ ಕಾಲುದಾರಿ, ಉದ್ದ ತುಂಡುಗೆರೆ ಬ್ರೈಡಲ್‌ವೇ. ಹೊಸಬರು ಎಡವುವುದು ಕಪ್ಪು ತುಂಡುಗೆರೆಯಲ್ಲಿ. ನೆಲದ ಮೇಲೆ ಒಂದು ಜಾಡು ಇದೆ ಎಂದು ಅದು ಹೇಳುತ್ತದೆಯೇ ಹೊರತು ಅದರ ಮೇಲೆ ಹೋಗುವ ಹಕ್ಕು ನಿಮಗಿದೆ ಎಂದು ಹೇಳುವುದಿಲ್ಲ. ತಿಳಿ ಹಳದಿ ಬಳಿದ ಪ್ರದೇಶವನ್ನು ಕಂಡು ಹಿಗ್ಗುವ ಸೈಕಲ್ಲಿನವರೂ ಇದ್ದಾರೆ. 2000ದ ಕಾಯ್ದೆಯಂತೆ ಬೆಟ್ಟ, ಬಯಲುಗಳ ಮೇಲೆ ಮನಬಂದಂತೆ ತಿರುಗಾಡುವ ಅವಕಾಶವಿರುವ ಆ ನೆಲ ಕಾಲ್ನಡಿಗೆಯವರಿಗೆ ತೆರೆದದ್ದು. ಸೈಕಲ್ಲಿಗೆ ಅಲ್ಲಿಯೂ ಬ್ರೈಡಲ್‌ವೇಯೇ ಗತಿ.

ಸ್ಕಾಟ್ಲೆಂಡ್‌ನ ಲೆಕ್ಕವೇ ಬೇರೆ. ಅಲ್ಲಿನ 2003ರ ಭೂ ಸುಧಾರಣಾ ಕಾಯ್ದೆ (ನಮಗೆ ಆ ಹೆಸರು ಕೇಳಿದರೆ ಗೇಣಿ ನೆನಪಾಗುತ್ತದೆ) ಜವಾಬ್ದಾರಿಯಿಂದ ನಡೆದುಕೊಳ್ಳುವ ಎಲ್ಲರಿಗೂ, ಸೈಕಲ್ಲಿನವರೂ ಸೇರಿ, ಬಹುಪಾಲು ನೆಲದ ಮೇಲೆ ಓಡಾಡುವ ಹಕ್ಕನ್ನು ಕೊಟ್ಟಿದೆ. ಹಾಗಾಗಿಯೇ ಅಲ್ಲಿನ ಹಾಳೆಗಳಲ್ಲಿ ಹಸಿರು ತುಂಡುಗೆರೆಗಳ ಆ ವರ್ಗೀಕರಣ ಕಾಣಿಸದು. ಆದರೆ ಹಕ್ಕಿದ್ದ ಮಾತ್ರಕ್ಕೆ ಚಕ್ರ ಉರುಳುತ್ತದೆ ಎಂದೇನಿಲ್ಲ. ಮಲ್‌ಗೈಯಿಂದ ಫೋರ್ಟ್ ವಿಲಿಯಂವರೆಗಿನ 96 ಮೈಲಿಯ ವೆಸ್ಟ್ ಹೈಲ್ಯಾಂಡ್ ವೇಯಲ್ಲಿ, ಲಾಕ್ ಲೋಮಂಡ್ ಸರೋವರದ ಪೂರ್ವ ದಂಡೆಯ ಉತ್ತರ ಭಾಗ ಬಂಡೆ ಮತ್ತು ಬೇರುಗಳ ಹೆಣಿಗೆ. ನಡೆಯುವವರೇ ಅಲ್ಲಲ್ಲಿ ಕೈಯೂರಿ ಹತ್ತುತ್ತಾರೆ. ಸೈಕಲ್ ತಂದವರು ಅದನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ.

ಹಕ್ಕು ಗೊತ್ತಾದ ಮೇಲೆ ಬರುವುದು ಹೊತ್ತಿನ ಲೆಕ್ಕ. ಇಲ್ಲಿ ಮೈಲಿ ಮಾತ್ರ ಎಣಿಸುವವರು ಕೆಡುತ್ತಾರೆ. ಸ್ಕಾಟ್ಲೆಂಡ್‌ನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಇಂದಿಗೂ ನಡೆಯುವವರು ಬಳಸುತ್ತಾರೆ: ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಹದಿನೈದು ಮೈಲಿಯ ದಾರಿಯಲ್ಲಿ 3,000 ಅಡಿ ಏರಿದ್ದರೆ ಆರೂವರೆ ಗಂಟೆಯಾಯಿತು, ಊಟ, ವಿಶ್ರಾಂತಿ, ಕೆಸರು, ದಾರಿ ತಪ್ಪುವುದು ಎಲ್ಲ ಬಿಟ್ಟು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುವುದರಿಂದ ಇದು ಸಲೀಸು. ಡಿಸೆಂಬರ್‌ನಲ್ಲಿ ಉತ್ತರ ಇಂಗ್ಲೆಂಡ್‌ನ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುವುದರಿಂದ ಅದೇ ದಾರಿ ಅಪಾಯ. 268 ಮೈಲಿಯ ಪೆನ್ನೈನ್ ವೇಗೆ ದಿನಕ್ಕೆ ಹದಿನೈದು ಮೈಲಿಯಂತೆ ಹದಿನೆಂಟು ದಿನ ಬೇಕು. ಅದನ್ನು ಹನ್ನೆರಡು ದಿನದಲ್ಲಿ ಮುಗಿಸಬಹುದೆಂಬ ಲೇಖನದ ಸಲಹೆ ಪಳಗಿದವರಿಗೆ ಸರಿ, ಊರಿನಿಂದ ಬಂದಿಳಿದ ಹೊಸಬರಿಗೆ ಅಲ್ಲ.

ಸೈಕಲ್ಲಿನವರಿಗೆ ಏರಿನ ಜೊತೆಗೆ ಗಾಳಿಯದೂ ಒಂದು ಲೆಕ್ಕ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮದಿಂದ ಪೂರ್ವಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ವಾಡಿಕೆ. 1994ರಲ್ಲಿ ಆರಂಭವಾದ, ಸುಮಾರು 140 ಮೈಲಿಯ ಸೀ ಟು ಸೀ ಸೈಕಲ್ ದಾರಿಯನ್ನು ಐರಿಷ್ ಸಮುದ್ರದ ವೈಟ್‌ಹೇವನ್‌ನಲ್ಲಿ ಹಿಂಚಕ್ರ ಅದ್ದಿ ಹೊರಟು, ಉತ್ತರ ಸಮುದ್ರದಲ್ಲಿ ಮುಂಚಕ್ರ ಅದ್ದಿ ಮುಗಿಸುತ್ತಾರೆ. ನಡುವೆ 580 ಮೀಟರ್ ಎತ್ತರದ ಹಾರ್ಟ್‌ಸೈಡ್ ಕಣಿವೆಮಾರ್ಗ ಏದುಸಿರು ತರಿಸಿದರೂ, ಕೊನೆಯ ದಿನ ಹಳೆಯ ರೈಲು ಹಳಿ ಕಿತ್ತ ದಾರಿಯಲ್ಲಿ ಇಳಿಯುತ್ತ ಇಳಿಯುತ್ತ ಹೋಗುವುದು ಬೇರೆಯೇ ಸುಖ. ನಷ್ಟದ ರೈಲುದಾರಿಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯ ಸುತ್ತಮುತ್ತಲ ವರ್ಷಗಳಲ್ಲಿ ಮುಚ್ಚಿಹೋದ ರೈಲುದಾರಿಗಳಲ್ಲಿ ಎಷ್ಟೋ ಇಂದು ಸೈಕಲ್ ದಾರಿಗಳಾಗಿವೆ. ಕಡಿದಾದ ಏರನ್ನು ಉಗಿಬಂಡಿ ಹತ್ತಲಾರದೆಂದು ಮಟ್ಟಸವಾಗಿ ಕಡಿದ ಆ ನೆಲ ಸೈಕಲ್ಲಿಗೆ ಹೇಳಿಮಾಡಿಸಿದಂತಿದೆ. ಹಾಗೆಂದು ರಾಷ್ಟ್ರೀಯ ಸೈಕಲ್ ಜಾಲದ ಕೆಂಪು ಸಂಖ್ಯಾಫಲಕ ಕಂಡಲ್ಲೆಲ್ಲ ಕಣ್ಣು ಮುಚ್ಚಿ ನಂಬುವಂತಿಲ್ಲ. ವಾಹನಗಳ ಕಾಟ ಹೆಚ್ಚಿರುವ ರಸ್ತೆ ಭಾಗಗಳು ಯೋಗ್ಯವಲ್ಲವೆಂದು, ಜಾಲವನ್ನು ನೋಡಿಕೊಳ್ಳುವ, ಆಗ ಸಸ್ಟ್ರಾನ್ಸ್ ಎಂಬ ಹೆಸರಿದ್ದ ಸಂಸ್ಥೆಯೇ 2020ರಲ್ಲಿ ಅದರ ಸುಮಾರು ಕಾಲು ಭಾಗವನ್ನು ಕೈಬಿಟ್ಟಿತು ಇಲ್ಲವೇ ಬೇರೆ ವರ್ಗಕ್ಕೆ ಸೇರಿಸಿತು. ಹಳೆಯ ಕೈಪಿಡಿಯನ್ನು ಎರವಲು ತಂದು ಯೋಜಿಸುವವರು ಇದನ್ನು ಗಮನಿಸಬೇಕು.

ಸೈಕಲ್ಲಿನ ದೂರಯಾನಕ್ಕೆ ನಾನು ಮೊದಲು ಗುರುತು ಹಾಕುವುದು ಊರುಗಳನ್ನಲ್ಲ, ಸೇತುವೆಗಳನ್ನು. ನದೀಮುಖಗಳು ಅಗಲವಾಗಿರುವ ಈ ದ್ವೀಪದಲ್ಲಿ ದಾಟುವ ಜಾಗ ಕೈತಪ್ಪಿದರೆ ಅರ್ಧ ದಿನ ಸುತ್ತಬೇಕು. ಬ್ರಿಸ್ಟಲ್ ಕಡೆಯಿಂದ ವೇಲ್ಸ್‌ಗೆ ಹೋಗಲು 1966ರ ಸೆವರ್ನ್ ಸೇತುವೆ, ಎಡಿನ್‌ಬರೊ ದಾಟಿ ಉತ್ತರಕ್ಕೆ ಹೋಗಲು 1964ರ ಫೋರ್ತ್ ರಸ್ತೆ ಸೇತುವೆ, ಎರಡರಲ್ಲೂ ಸೈಕಲ್ಲಿಗೆ ಪ್ರತ್ಯೇಕ ಪಟ್ಟಿಯಿದೆ. ನೈಋತ್ಯ ತುದಿಯ ಲ್ಯಾಂಡ್ಸ್ ಎಂಡ್‌ನಿಂದ ಈಶಾನ್ಯ ತುದಿಯ ಜಾನ್ ಓ ಗ್ರೋಟ್ಸ್‌ವರೆಗಿನ 870 ಮೈಲಿಗೂ ಮಿಕ್ಕಿದ ಯಾನ ಕೈಗೊಳ್ಳುವವರು ಸ್ಕಾಟ್ಲೆಂಡ್‌ನ ಬೆಟ್ಟಗಳಿಗೆ ಹೆದರುತ್ತಾರೆ. ವಾಸ್ತವದಲ್ಲಿ ಕಾಲು ಬೀಳುವುದು ಮೊದಲ ಮೂರು ದಿನಗಳಲ್ಲಿ, ಕಾರ್ನ್‌ವಾಲ್ ಮತ್ತು ಡೆವನ್‌ನ ಮುಗಿಯದ ಗಿಡ್ಡ ಏರುಗಳ ಮೇಲೆ.

ಇನ್ನು ನಕ್ಷೆ ಪೂರ್ತಿಯಾಗಿ ಹೇಳದ ವಿಷಯಗಳು. ಮೆಲ್ರೋಸ್‌ನಿಂದ ಹೊರಡುವ ಸೇಂಟ್ ಕತ್‌ಬರ್ಟ್ಸ್ ವೇ ಕೊನೆಗೆ ಹೋಲಿ ಐಲೆಂಡ್ ಸೇರುತ್ತದೆ, ಆದರೆ ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗುವುದರಿಂದ ಕೊನೆಯ ದಿನವನ್ನು ಉಬ್ಬರದ ಪಟ್ಟಿ ನೋಡಿ ಮೊದಲು ನಿಗದಿ ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಡಾರ್ಟ್‌ಮೂರ್‌ನ ಉತ್ತರ ಭಾಗದಲ್ಲಿ ಸೈನ್ಯದ ಗುಂಡಿನ ಅಭ್ಯಾಸವಿರುವ ದಿನ ಕೆಂಪು ಬಾವುಟ ಏರಿಸುತ್ತಾರೆ. ದೂರದ ರೈಲುಗಳಲ್ಲಿ ಹಲವಕ್ಕೆ ಸೈಕಲ್ಲಿಗೂ ಜಾಗ ಕಾದಿರಿಸಬೇಕು. ಹಳ್ಳಿಯ ಪಬ್‌ಗಳಲ್ಲಿ ಮಧ್ಯಾಹ್ನ ಎರಡೂವರೆಯ ನಂತರ ಅಡುಗೆಮನೆ ಮುಚ್ಚಿರುವುದುಂಟು; ಸಸ್ಯಾಹಾರಿಗಳು ಚೀಲದಲ್ಲಿ ಏನಾದರೂ ಇಟ್ಟುಕೊಳ್ಳುವುದು ಮೇಲು.

ಲೇಖಕರ ನಕ್ಷೆಯ ವಿಷಯಕ್ಕೆ ಮರಳುತ್ತೇನೆ. 1965ರಲ್ಲಿ ತೆರೆದ ಪೆನ್ನೈನ್ ವೇಯ ಹೆಚ್ಚಿನ ಭಾಗ ಕಾಲುದಾರಿ. ಅದೇ ಬೆಟ್ಟಸಾಲಿನಲ್ಲಿ ಡರ್ಬಿಶೈರ್‌ನಿಂದ ಕುಂಬ್ರಿಯಾವರೆಗೆ ಪೆನ್ನೈನ್ ಬ್ರೈಡಲ್‌ವೇ ಎಂಬ ಸುಮಾರು 200 ಮೈಲಿಯ ಇನ್ನೊಂದು ದಾರಿಯನ್ನು ಕುದುರೆ ಮತ್ತು ಸೈಕಲ್ಲುಗಳಿಗೆಂದೇ ಪ್ರತ್ಯೇಕವಾಗಿ ರೂಪಿಸಬೇಕಾಗಿ ಬಂತು. ವಿಂಚೆಸ್ಟರ್‌ನಿಂದ ಈಸ್ಟ್‌ಬರ್ನ್‌ವರೆಗಿನ 100 ಮೈಲಿಯ ಸೌತ್ ಡೌನ್ಸ್ ವೇಯನ್ನು ಸೈಕಲ್ಲಿನಲ್ಲಿ ಪೂರ್ತಿ ಮುಗಿಸಬಹುದಾದರೂ, ಅಲ್ಲಿಯೂ ಆಲ್‌ಫ್ರಿಸ್ಟನ್ ಬಳಿ ದಾರಿ ಕವಲಾಗಿ, ನಡೆಯುವವರು ಸೆವೆನ್ ಸಿಸ್ಟರ್ಸ್‌ನ ಬಿಳಿ ಬಂಡೆಗಳ ಮೇಲೂ, ಸೈಕಲ್ಲಿನವರು ಜೆವಿಂಗ್ಟನ್ ಮೂಲಕ ಒಳನಾಡಿನಲ್ಲೂ ಹೋಗುತ್ತಾರೆ. ಆದ್ದರಿಂದ ಮುಂದಿನ ಪುರವಣಿಯಲ್ಲಿ ಆ ನಕ್ಷೆಯ ಸೈಕಲ್ ಗುರುತನ್ನು ಪೆನ್ನೈನ್ ವೇಯಿಂದ ತೆಗೆದು ಪೆನ್ನೈನ್ ಬ್ರೈಡಲ್‌ವೇಗೆ ಹಾಕಿ ತಿದ್ದುಪಡಿ ಪ್ರಕಟಿಸಬೇಕೆಂದೂ, ಇನ್ನು ಮುಂದೆ ಇಂಥ ದಾರಿಗಳ ಬಗ್ಗೆ ಬರೆಸುವಾಗ ಮೈಲಿಯ ಜೊತೆ ಒಟ್ಟು ಏರು ಮತ್ತು ನಕ್ಷೆಯ ಹಾಳೆಯ ಸಂಖ್ಯೆಯನ್ನೂ ಕೊಡಬೇಕೆಂದೂ ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ಶೆಫೀಲ್ಡ್, ಇಂಗ್ಲೆಂಡ್